ಒಂದೇ ಹೃದಯ, ಮೂರು ಲೆಕ್ಕ: ಶಿರಸಿಯ ಕೊನೆಗೌಡರೊಬ್ಬರ ಪ್ರಕರಣ

ಫೆಬ್ರವರಿ ಮೊದಲ ವಾರ. ಹುಬ್ಬಳ್ಳಿಯ ನಮ್ಮ ಎಮ್‌ಆರ್‌ಐ ಕೋಣೆಯ ಹೊರಗಿನ ಬೆಂಚಿನಲ್ಲಿ ಶಿರಸಿ ತಾಲೂಕಿನ ಕೊನೆಗೌಡರೊಬ್ಬರು ಕೂತಿದ್ದರು. ವಯಸ್ಸು 54. ಪಕ್ಕದಲ್ಲಿ ಹೆಂಡತಿ, ಆಚೆ ತಂಗಿಯ ಮಗ. ಹುಡುಗನ ಕೈಯಲ್ಲಿ ಬೇರೆ ಊರಿನ ಸ್ಕ್ಯಾನಿಂಗ್ ಕೇಂದ್ರವೊಂದರ ರಿಪೋರ್ಟು. ಅದರ ಒಂದು ಸಾಲಿನ ಕೆಳಗೆ ಯಾರೋ ಕೆಂಪು ಪೆನ್ನಿನಲ್ಲಿ ಎರಡೆರಡು ಸಲ ಗೆರೆ ಎಳೆದಿದ್ದರು: ಎಡ ಹೃತ್ಕುಕ್ಷಿಯ ಸ್ನಾಯುವಿನಲ್ಲಿ ಶೇ. 41ರಷ್ಟು ಕಲೆ, ಮುಂಗೋಡೆಯಲ್ಲಿ ಜೀವವಿರುವ ಸ್ನಾಯು ಉಳಿದಿಲ್ಲ. ಎಡ ಹೃತ್ಕುಕ್ಷಿ ಎಂದರೆ ಮೈಗೆಲ್ಲ ರಕ್ತ ದೂಡುವ ಹೃದಯದ ಕೋಣೆ, ಕಲೆ ಎಂದರೆ ಸ್ನಾಯು ಸತ್ತ ಜಾಗ.

“ಅರ್ಧ ಹಾರ್ಟು ಸತ್ತೇ ಹೋಗಿದೆ ಅಂದ್ರು. ಹೌದಾ ಡಾಕ್ಟ್ರೇ?”

ಕೇಳಿದ್ದು ಹುಡುಗ. ಮಾವ ಗೋಡೆಗೆ ಅಂಟಿಸಿದ ಅಯಸ್ಕಾಂತದ ಎಚ್ಚರಿಕೆ ಚಿತ್ರವನ್ನೇ ನೋಡುತ್ತಿದ್ದರು.

ನಾನು ಹೃದಯದ ಎಮ್‌ಆರ್‌ಐ ಓದುವವನು, ಹುಟ್ಟೂರು ಅದೇ ತಾಲೂಕು. ಹಾಗಾಗಿ ಕೊನೆಗೌಡ ಎಂದರೆ ಏನೆಂದು ನನಗೆ ಯಾರೂ ಹೇಳಬೇಕಾಗಿರಲಿಲ್ಲ. ಬಯಲುಸೀಮೆಯ ಓದುಗರಿಗೆ ಹೇಳುವುದಾದರೆ, ಅಡಿಕೆ ಮರ ಹತ್ತಿ ಕೊನೆ (ಗೊನೆ) ಕೊಯ್ಯುವವರು ಇವರು. ಮಳೆಗಾಲದಲ್ಲಿ ಕೊಳೆರೋಗಕ್ಕೆ ಮೈಲುತುತ್ತ, ಸುಣ್ಣದ ಮದ್ದು ಹೊಡೆಯುವವರೂ ಇವರೇ. ಒಂದು ಮರ ಹತ್ತಿದರೆ ಇಳಿಯದೆ, ಮರವನ್ನೇ ಬಾಗಿಸಿ ಪಕ್ಕದ ಮರಕ್ಕೆ ದಾಟುತ್ತಾರೆ. ಕೆಳಗೆ ನಿಂತು ನೋಡುವವರಿಗೇ ತಲೆ ತಿರುಗುತ್ತದೆ. ಈಗ ಇಂಥವರು ಊರಿಗೆ ಒಬ್ಬರೋ ಇಬ್ಬರೋ ಉಳಿದಿದ್ದಾರೆ. ಕೊಯ್ಲಿನ ಕಾಲದಲ್ಲಿ ತೋಟದ ಯಜಮಾನರೇ ಅವರ ಮನೆ ಬಾಗಿಲಿಗೆ ಹೋಗಿ ದಿನ ಕೇಳಿಕೊಂಡು ಬರುತ್ತಾರೆ. ಈ ಬರಹಕ್ಕೆ ಇವರ ಒಪ್ಪಿಗೆಯಿದೆ. ಗುರುತು ಸಿಗುವ ವಿವರಗಳನ್ನು ಬಿಟ್ಟಿದ್ದೇನೆ.

ಆದದ್ದಿಷ್ಟು. ಡಿಸೆಂಬರ್ ಮೂರನೇ ವಾರ ಹೆಗಡೆಯವರೊಬ್ಬರ ತೋಟದಲ್ಲಿ ಕೊನೆ ಕೊಯ್ಯುವಾಗ ಮರದ ಮೇಲೆಯೇ ಎದೆಯುರಿ ಶುರುವಾಯಿತು. ಗ್ಯಾಸ್ ಎಂದುಕೊಂಡರು. ಇಳಿದು ಜೀರಿಗೆ ಕಷಾಯ ಕುಡಿದು ಅಂಗಳದಲ್ಲಿ ಮಲಗಿದರು, ಮೈಯೆಲ್ಲ ಬೆವರು. ಸಂಜೆ ಹೊತ್ತಿಗೆ ಕಡಿಮೆಯಾಯಿತು. ಮರುದಿನ ಉಳಿದ ಮರಗಳನ್ನೂ ಮುಗಿಸಿಬಿಟ್ಟರು! ಮೂರನೆಯ ದಿನ ನಡೆದರೆ ಏದುಸಿರು ಬರತೊಡಗಿದಾಗ ಶಿರಸಿಯ ವೈದ್ಯರ ಬಳಿ ಹೋದರು. ಇಸಿಜಿಯಲ್ಲಿ ವಿ1ರಿಂದ ವಿ4ರವರೆಗೆ ಆಳವಾದ ಕ್ಯೂ ಅಲೆಗಳು. ಮುಂಗೋಡೆಯ ಹೃದಯಾಘಾತ ಆಗಿ ಮುಗಿದಿತ್ತು. ಹೆಪ್ಪು ಕರಗಿಸುವ ಇಂಜೆಕ್ಷನ್‌ಗೆ ಇರುವ 12 ಗಂಟೆಗಳ ಅವಧಿ ಎಂದೋ ದಾಟಿಹೋಗಿತ್ತು.

ಅಲ್ಲಿಂದ ಹುಬ್ಬಳ್ಳಿಗೆ ಸುಮಾರು 100 ಕಿಲೋಮೀಟರ್. ಕಾರವಾರ, ಅಂಕೋಲಾದವರು ಗೋವೆಗೋ ಮಣಿಪಾಲಕ್ಕೋ ಓಡುತ್ತಾರೆ, ಘಟ್ಟದ ಮೇಲಿನವರು ಇತ್ತ ಬರುತ್ತಾರೆ. ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂದು 2022ರಲ್ಲಿ ಎದ್ದ ಕೂಗು ಉತ್ತರ ಕನ್ನಡದವರಿಗೆಲ್ಲ ನೆನಪಿದೆ. ಅದನ್ನು ಇಲ್ಲಿ ಎಳೆಯುವುದಿಲ್ಲ. ಆಂಜಿಯೋಗ್ರಾಮ್‌ನಲ್ಲಿ ಮುಂಭಾಗದ ಮುಖ್ಯ ರಕ್ತನಾಳ, ಎಲ್ಲರೂ ಎಲ್‌ಎಡಿ ಎನ್ನುವುದು, ಪೂರ್ತಿ ಮುಚ್ಚಿತ್ತು. ಬಲ ರಕ್ತನಾಳದಲ್ಲಿ ಶೇ. 60ರಷ್ಟು ಅಡಚಣೆ. ಎಕೋದಲ್ಲಿ ಪಂಪಿಂಗ್, ಅಂದರೆ ತುಂಬಿದ ರಕ್ತದಲ್ಲಿ ಪ್ರತಿ ಬಡಿತಕ್ಕೆ ಹೊರಹೋಗುವ ಪಾಲು, ಶೇ. 32. ನೋವಿರಲಿಲ್ಲ, ಬಿಪಿ ಸ್ಥಿರವಾಗಿತ್ತು. ಹೃದ್ರೋಗ ತಜ್ಞರು ಸ್ಟೆಂಟ್ ಹಾಕದೆ ಮಾತ್ರೆ ಬರೆದು ಕಳಿಸಿದರು. ಅದಕ್ಕೆ ಆಧಾರವಿತ್ತು. 2006ರಲ್ಲಿ ಪ್ರಕಟವಾದ ಓಎಟಿ ಅಧ್ಯಯನದಲ್ಲಿ 2,166 ರೋಗಿಗಳಿದ್ದರು. ಆಘಾತವಾಗಿ 3ರಿಂದ 28 ದಿನ ಕಳೆದ ಸ್ಥಿರ ರೋಗಿಗಳಲ್ಲಿ ಪೂರ್ತಿ ಮುಚ್ಚಿದ ನಾಳವನ್ನು ತೆರೆದರೂ ಸಾವು, ಮರು ಆಘಾತ, ಹೃದಯ ವೈಫಲ್ಯಗಳು ಕಡಿಮೆಯಾಗಲಿಲ್ಲ.

ಇದನ್ನು ಮನೆಯವರಿಗೆ ಬಿಡಿಸಿ ಹೇಳಿದವರು ಯಾರೂ ಇದ್ದಂತಿಲ್ಲ. “ಬ್ಲಾಕ್ ನೂರು ಪರ್ಸೆಂಟ್, ಏನೂ ಮಾಡದೇ ಕಳಿಸಿದ್ರು” ಎಂಬ ಮಾತು ಊರಲ್ಲಿ ಹರಡಿತು. ಒಬ್ಬರು ಬೈಪಾಸ್ ಮಾಡಿಸಿ ಎಂದರು, ಇನ್ನೊಬ್ಬರು ಎದೆಗೆ ಶಾಕ್ ಕೊಡುವ ಯಂತ್ರ ಇಡಿಸಿ ಎಂದರು. ಮೂರನೆಯವರ ಮಾತು ಕೇಳಿ ಜನವರಿಯಲ್ಲಿ ಆ ಇನ್ನೊಂದು ಊರಿನಲ್ಲಿ ಎಮ್‌ಆರ್‌ಐ ಮಾಡಿಸಿದರು. ಆಘಾತವಾಗಿ ಆಗ ಮೂರು ವಾರ. ಕೆಂಪು ಗೆರೆಯ ರಿಪೋರ್ಟು ಹುಟ್ಟಿದ್ದು ಹೀಗೆ.

ಕೊನೆಗೌಡರನ್ನು ಒಳಗೆ ಕಳಿಸುವ ಮೊದಲು ಆ ಸ್ಕ್ಯಾನಿನ ಸಿಡಿ ಹಾಕಿ ನೋಡಿದೆ. ಚಿತ್ರಕ್ಕಾಗಿ ಗ್ಯಾಡೋಲಿನಿಯಮ್ ಎಂಬ ಔಷಧದ ಇಂಜೆಕ್ಷನ್ ಕೊಟ್ಟ ಸಮಯಕ್ಕೂ ಕಲೆಯ ಚಿತ್ರ ತೆಗೆದ ಸಮಯಕ್ಕೂ ನಡುವೆ ನಾಲ್ಕು ನಿಮಿಷ, ಅಷ್ಟೆ. ಗೊಂದಲವೆಲ್ಲ ಇಲ್ಲೇ ಇತ್ತು. ಅದು ಅರ್ಥವಾಗಬೇಕಾದರೆ ಕಲೆ ಬೆಳ್ಳಗೆ ಕಾಣುವುದು ಯಾಕೆಂದು ಗೊತ್ತಿರಬೇಕು. ಆವತ್ತು ಆ ಮೂವರಿಗೆ ಹೇಳಿದ ಹಾಗೆಯೇ ಇಲ್ಲೂ ಹೇಳುತ್ತೇನೆ.

ತೋಟದಲ್ಲಿ ಬಸಿಗಾಲುವೆ ಇರುತ್ತದಲ್ಲ. ಜೋರು ಮಳೆ ಬಂದಾಗ ಇಡೀ ತೋಟ ಒಂದೇ ಸಮ ನೆನೆಯುತ್ತದೆ. ಆ ಗಳಿಗೆಯಲ್ಲಿ ಯಾವ ಜಾಗ ಸರಿ, ಯಾವುದು ಕೆಟ್ಟದ್ದು ಎಂದು ಹೇಳಲಾಗದು. ಮಳೆ ನಿಂತು ಸ್ವಲ್ಪ ಹೊತ್ತು ಕಾದರೆ ಬಸಿಗಾಲುವೆ ಚೆನ್ನಾಗಿರುವ ಕಡೆ ನೀರು ಇಳಿದುಹೋಗುತ್ತದೆ, ಕಟ್ಟಿಕೊಂಡಿರುವ ಕಡೆ ನಿಲ್ಲುತ್ತದೆ. ಗ್ಯಾಡೋಲಿನಿಯಮ್ ಇಂಜೆಕ್ಷನ್ ಆ ಮಳೆಯಿದ್ದಂತೆ. ಜೀವವಿರುವ ಸ್ನಾಯುಕೋಶದ ಒಳಕ್ಕೆ ಅದು ಹೋಗುವುದಿಲ್ಲ, ಕೋಶಗಳ ನಡುವಿನ ಸಂದಿಯಲ್ಲಷ್ಟೇ ಓಡಾಡುತ್ತದೆ. ಆರೋಗ್ಯದ ಸ್ನಾಯುವಿನಲ್ಲಿ ಕೋಶಗಳು ಒತ್ತೊತ್ತಾಗಿದ್ದು ಸಂದಿ ಕಡಿಮೆ, ಹಾಗಾಗಿ ಬೇಗ ತೊಳೆದುಹೋಗುತ್ತದೆ. ಸತ್ತ ಜಾಗದಲ್ಲಿ ಕೋಶಗಳ ಬದಲು ಕೊಲಾಜನ್ ನಾರು, ಅದರ ನಡುವೆ ಬೇಕಾದಷ್ಟು ಸಂದಿ. ಅಲ್ಲಿ ಔಷಧ ನಿಂತುಬಿಡುತ್ತದೆ. 10ರಿಂದ 20 ನಿಮಿಷ ಕಾದು ಚಿತ್ರ ತೆಗೆದರೆ ಒಳ್ಳೆಯ ಸ್ನಾಯು ಕಪ್ಪು, ಕಲೆ ಬಿಳಿ.

ನಾಲ್ಕೇ ನಿಮಿಷಕ್ಕೆ ತೆಗೆದರೆ? ಹೃದಯದ ಒಳಗಿನ ರಕ್ತದಲ್ಲಿ ಔಷಧ ಇನ್ನೂ ತುಂಬಿರುವುದರಿಂದ ರಕ್ತವೂ ಬಿಳಿ. ರಕ್ತನಾಳ ಮುಚ್ಚಿ ಆಗುವ ಕಲೆ ಯಾವಾಗಲೂ ಒಳಮೈಯಿಂದಲೇ ಶುರುವಾಗುತ್ತದೆ, ಅಂದರೆ ರಕ್ತಕ್ಕೆ ತಾಗಿಕೊಂಡೇ ಇರುತ್ತದೆ. ಬಿಳಿಯ ಪಕ್ಕ ಬಿಳಿ. ಗಡಿ ಎಲ್ಲಿ ಎಳೆಯುವುದು? ಅಲ್ಲಿನವರು ರಕ್ತದ ಒಂದು ಅಂಚನ್ನೂ ಸೇರಿಸಿ ಕಲೆಯೆಂದು ಎಣಿಸಿದ್ದರು. ತಪ್ಪೆಲ್ಲ ಅವರದೇ ಅಲ್ಲ. ಮೂರು ವಾರದ ಹೃದಯದಲ್ಲಿ ಬಾವು ಪೂರ್ತಿ ಇಳಿದಿರುವುದಿಲ್ಲ; ಅದೂ ಕಲೆಯ ಅಳತೆಯನ್ನು ಹಿಗ್ಗಿಸುತ್ತದೆ. ಹೊರಗೆ ಎಂಟು ಜನ ಕಾದು ಕೂತಿರುವಾಗ ಆರು ನಿಮಿಷ ಸುಮ್ಮನೆ ಕಾಯುವುದು ಎಷ್ಟು ಕಷ್ಟ ಎಂಬುದೂ ನನಗೆ ಗೊತ್ತು.

ಮತ್ತೆ ಸ್ಕ್ಯಾನ್ ಮಾಡೋಣ ಎಂದೆ. ಕ್ರಿಯಾಟಿನಿನ್ 1.1, ಕಿಡ್ನಿಗೆ ತೊಂದರೆಯಿಲ್ಲ. ಕಿಡ್ನಿ ತೀರಾ ಸೋತವರಲ್ಲಿ ಗ್ಯಾಡೋಲಿನಿಯಮ್‌ನಿಂದ ಚರ್ಮ ಗಟ್ಟಿಯಾಗುವ ಕಾಯಿಲೆ ಬರುತ್ತದೆಂದು 2006ರಲ್ಲಿ ಗೊತ್ತಾದ ಮೇಲೆ ಇದನ್ನು ನೋಡದೆ ನಾವು ಸೂಜಿ ಹಾಕುವುದಿಲ್ಲ.

ಉಡದಾರದಲ್ಲೊಂದು ತಾಯತವಿತ್ತು. ತೆಗೆಯಿರಿ ಎಂದಾಗ ಅವರು ಮೊದಲ ಸಲ ಹಿಂಜರಿದರು. “ಮರ ಹತ್ತೂಕೆ ಶುರು ಮಾಡಿದ ವರ್ಷ ಕಟ್ಟಿದ್ದು, ಬಿಚ್ಚಿದ್ದೇ ಇಲ್ಲ.” ಕೊನೆಗೆ ಹೆಂಡತಿ ಕೈಚಾಚಿದರು. ಸ್ಕ್ಯಾನ್ ಮುಗಿಯುವವರೆಗೆ, ಸುಮಾರು 50 ನಿಮಿಷ, ಆಕೆ ಅದನ್ನು ಮುಷ್ಟಿಯೊಳಗೆ ಹಿಡಿದುಕೊಂಡೇ ಕೂತಿದ್ದರಂತೆ.

ಎರಡನೆಯ ತೊಡಕು ಉಸಿರಿನದು. ಪ್ರತಿ ಚಿತ್ರಕ್ಕೂ ಉಸಿರು ಹೊರಬಿಟ್ಟು ಹತ್ತು ಹನ್ನೆರಡು ಸೆಕೆಂಡ್ ಹಿಡಿಯಬೇಕು. ಕೊನೆಗೌಡರು ಅಭ್ಯಾಸಬಲದಿಂದ ದೊಡ್ಡದಾಗಿ ಎಳೆದುಕೊಂಡು ಹಿಡಿಯುತ್ತಿದ್ದರು. ಹಾಗೆ ಎಳೆದಾಗ ಪ್ರತಿ ಸಲವೂ ಹೃದಯ ಬೇರೆ ಬೇರೆ ಮಟ್ಟದಲ್ಲಿ ನಿಲ್ಲುತ್ತದೆ. ನಮ್ಮ ಟೆಕ್ನೀಷಿಯನ್ ಹುಡುಗಿ ಮೈಕಿನಲ್ಲಿ “ಬಿಡಿ, ಪೂರ್ತಿ ಬಿಡಿ, ಈಗ ಹಿಡೀರಿ” ಎಂದು ನಾಲ್ಕು ಸಲ ಹೇಳಿಕೊಟ್ಟ ಮೇಲೆ ಸರಿಹೋಯಿತು. ನಡುನಡುವೆ ತಪ್ಪಿ ಬೀಳುವ ಎದೆಬಡಿತಗಳು ಬೇರೆ. ಅಂಥ ಬಡಿತ ಬಂದ ಚಿತ್ರಗಳನ್ನು ಎಸೆದು ಮತ್ತೆ ತೆಗೆದೆವು.

ಅಲ್ಲೇ ನನ್ನದೂ ಒಂದು ತಪ್ಪಾಯಿತು. ಒಳ್ಳೆಯ ಸ್ನಾಯು ಅಚ್ಚುಕಪ್ಪಾಗಿ ಬರಬೇಕಾದರೆ ಯಂತ್ರದಲ್ಲಿ ಟಿಐ ಎಂಬ ಕಾಲವನ್ನು ಮಿಲಿಸೆಕೆಂಡ್ ಲೆಕ್ಕದಲ್ಲಿ ಹೊಂದಿಸಬೇಕು. ಹತ್ತನೆಯ ನಿಮಿಷಕ್ಕೆ 270 ಸರಿಯಿತ್ತು. ಔಷಧ ತೊಳೆದುಹೋಗುತ್ತಾ ಹೋದಂತೆ ಅದನ್ನು ಏರಿಸುತ್ತಾ ಹೋಗಬೇಕು. ನಾನು ಚಿತ್ರ ನೋಡುವುದರಲ್ಲಿ ಮುಳುಗಿ ಅಲ್ಲೇ ಬಿಟ್ಟೆ. “ಸರ್, ಗೋಡೆ ಬೂದಿ ಬಣ್ಣಕ್ಕೆ ತಿರುಗ್ತಾ ಇದೆ” ಎಂದಳು ಹುಡುಗಿ. 310ಕ್ಕೆ ಏರಿಸಿ ಕೊನೆಯ ಐದು ಚಿತ್ರ ಮತ್ತೆ ತೆಗೆದೆವು. ಟಿಐ ಕಡಿಮೆಯಾದರೆ ಕಲೆ ಇದ್ದುದಕ್ಕಿಂತ ಚಿಕ್ಕದಾಗಿ ಕಾಣುತ್ತದೆ. ಮೊದಲ ಕೇಂದ್ರ ಹೆಚ್ಚು ಎಣಿಸಿತು. ಹುಡುಗಿ ನೋಡದಿದ್ದರೆ ನಾನು ಕಡಿಮೆ ಎಣಿಸುತ್ತಿದ್ದೆ.

ಟಿಐ ಅನ್ನು ಬೇಕೆಂದೇ 600ಕ್ಕೆ ಏರಿಸಿ ಒಂದು ಚಿತ್ರ ತೆಗೆಯುವುದು ನಮ್ಮ ಪದ್ಧತಿ. ಆಗ ಸ್ನಾಯು, ರಕ್ತ, ಕಲೆ ಎಲ್ಲವೂ ಬೆಳ್ಳಗಾಗುತ್ತವೆ, ಕಪ್ಪಾಗಿ ಉಳಿಯುವುದು ಹೆಪ್ಪುಗಟ್ಟಿದ ರಕ್ತ ಮಾತ್ರ. ಹೃದಯದ ತುದಿಯಲ್ಲಿ, ಸತ್ತ ಗೋಡೆಗೆ ಅಂಟಿಕೊಂಡು, ನೆನೆಸಿದ ಕಡಲೆಕಾಳಿನಷ್ಟು ಕಪ್ಪು ಉಂಡೆಯೊಂದು ಕಂಡಿತು. ಎಕೋದಲ್ಲಿ ಅದು ಸಿಕ್ಕಿರಲಿಲ್ಲ. ತುದಿಯಲ್ಲಿರುವ ಹೆಪ್ಪು ಎಕೋದ ಕಣ್ಣು ತಪ್ಪಿಸಿಕೊಳ್ಳುವುದು ಸಾಮಾನ್ಯ. ಅದು ಕಿತ್ತು ಮಿದುಳಿಗೆ ಹೋದರೆ ಪಾರ್ಶ್ವವಾಯು. ಕಲೆ ಅಳೆಯಲು ಹೋದವರಿಗೆ ಆವತ್ತು ಸಿಕ್ಕ ಅತಿ ತುರ್ತಿನ ಉತ್ತರ ಇದು. ಸಂಜೆಯೇ ಹೃದ್ರೋಗ ತಜ್ಞರಿಗೆ ಫೋನ್ ಮಾಡಿ ರಕ್ತ ತೆಳುಮಾಡುವ ಮಾತ್ರೆ ಶುರು ಮಾಡಿಸಿದೆವು.

ಇನ್ನು ಅಳತೆ. ಕಂಪ್ಯೂಟರಿನಲ್ಲಿ ಪ್ರತಿ ಸ್ಲೈಸಿನ ಒಳ ಅಂಚು, ಹೊರ ಅಂಚು ಗುರುತಿಸಿ ಸ್ನಾಯುವಿನ ಘನಗಾತ್ರ ತೆಗೆದು 1.05ರಿಂದ ಗುಣಿಸಿದರೆ ತೂಕ ಗ್ರಾಂನಲ್ಲಿ ಸಿಗುತ್ತದೆ. ಇವರದು 128 ಗ್ರಾಂ. ಅದರಲ್ಲಿ ಕಲೆ ಎಷ್ಟು?

ಮೂರು ವಿಧಾನದಲ್ಲಿ ಎಣಿಸಿದೆ. ಒಳ್ಳೆಯ ಸ್ನಾಯುವಿನ ಒಂದು ತುಣುಕನ್ನು ಆರಿಸಿ, ಅದರ ಸರಾಸರಿ ಹೊಳಪಿಗಿಂತ ಎರಡು ಎಸ್‌ಡಿ (ಹೊಳಪು ಸರಾಸರಿಯಿಂದ ಸಾಮಾನ್ಯವಾಗಿ ಎಷ್ಟು ಹೆಚ್ಚುಕಡಿಮೆಯಾಗುತ್ತದೆ ಎಂಬ ಅಳತೆ) ಮೇಲಿದ್ದುದೆಲ್ಲ ಕಲೆ ಎಂದರೆ ಶೇ. 37, ಅಂದರೆ 47 ಗ್ರಾಂ. ಐದು ಎಸ್‌ಡಿ ಮೇಲಿದ್ದದ್ದು ಮಾತ್ರ ಎಂದರೆ ಶೇ. 24, ಸುಮಾರು 31 ಗ್ರಾಂ. ಕಲೆಯೊಳಗಿನ ಗರಿಷ್ಠ ಹೊಳಪಿನ ಅರ್ಧಕ್ಕಿಂತ ಹೆಚ್ಚು ಹೊಳೆಯುವುದು ಮಾತ್ರ ಎಂದರೆ ಶೇ. 21, ಸುಮಾರು 27 ಗ್ರಾಂ. ರೋಗಿ ಅದೇ, ಚಿತ್ರ ಅದೇ, ಎಣಿಸಿದವನೂ ನಾನೇ.

ತಂಗಿಯ ಮಗ ಇದನ್ನು ಕೇಳಿ ನಕ್ಕ. “ಹಾಗಾದ್ರೆ ನಿಮ್ಮದೂ ಅಂದಾಜೇ.” ನಾನು ಹೊಳೆ ಬದಿಯ ತೋಟದ ಪಂಚನಾಮೆಯ ಮಾತು ತೆಗೆದೆ. ನೆರೆ ಬಂದಾಗ ಗ್ರಾಮ ಆಡಳಿತಾಧಿಕಾರಿ (ಹಿಂದಿನ ಗ್ರಾಮಲೆಕ್ಕಿಗರು) ಬಂದು ಎಷ್ಟು ಗುಂಟೆ ಮುಳುಗಿದೆ ಎಂದು ಬರೆದುಕೊಳ್ಳುತ್ತಾರೆ. ಪಾದ ತೇವವಾಗುವ ಜಾಗವನ್ನೂ ಮುಳುಗಡೆ ಎಂದರೆ ಒಂದು ಲೆಕ್ಕ, ಮೊಣಕಾಲುದ್ದ ನೀರಿದ್ದರೆ ಮಾತ್ರ ಎಂದರೆ ಇನ್ನೊಂದು. ನೀರು ಸುಳ್ಳಲ್ಲ, ಲೆಕ್ಕವೂ ಸುಳ್ಳಲ್ಲ. ಯಾವ ಗುರುತಿಗೆ ಅಳೆದಿರಿ ಎಂದು ಪಂಚನಾಮೆಯಲ್ಲಿ ಬರೆಯದಿದ್ದರೆ ಮಾತ್ರ ಜಗಳ. ಎರಡು ಎಸ್‌ಡಿ ಪಾದ ತೇವದ ಲೆಕ್ಕ. ಚಿತ್ರದ ಕಾಳುಕಾಳು ಮಸುಕನ್ನೂ, ಅರ್ಧ ಕಲೆ ಅರ್ಧ ಸ್ನಾಯು ಬೆರೆತ ಅಂಚನ್ನೂ ಅದು ಕಲೆಗೆ ಸೇರಿಸುತ್ತದೆ. ನಮ್ಮ ಸ್ಲೈಸಿನ ದಪ್ಪ 8 ಮಿಲಿಮೀಟರ್, ಹೃದಯದ ಗೋಡೆ 10 ಮಿಲಿಮೀಟರ್ ಆಸುಪಾಸು. ಅಂಥ ಬೆರಕೆ ಅಂಚು ಬೇಕಾದಷ್ಟಿರುತ್ತದೆ. ಹಾಗಾಗಿ ಹೃದಯಾಘಾತದ ಕಲೆಗೆ ನಾನು ಐದು ಎಸ್‌ಡಿ ಅಥವಾ ಅರ್ಧ ಗರಿಷ್ಠದ ಲೆಕ್ಕವನ್ನೇ ಬರೆಯುವುದು, ವಿಧಾನದ ಹೆಸರನ್ನು ಅಂಕಿಯ ಪಕ್ಕದಲ್ಲೇ. ಹಳೆಯ ರಿಪೋರ್ಟಿನ 41ರ ಪಕ್ಕ ವಿಧಾನವೂ ಇರಲಿಲ್ಲ, ಎಷ್ಟನೆಯ ನಿಮಿಷದ ಚಿತ್ರ ಎಂಬುದೂ ಇರಲಿಲ್ಲ. ವಿಧಾನವಿಲ್ಲದ ಶೇಕಡಾ ನನ್ನ ಮಟ್ಟಿಗೆ ತೇವಾಂಶ ನೋಡದೆ ತೂಗಿದ ಅಡಿಕೆ.

ಆದರೂ ಇವರ ಮನೆಯವರು ಕೇಳುತ್ತಿದ್ದ ಪ್ರಶ್ನೆಗೆ ಉತ್ತರ ಇದ್ದದ್ದು ಒಟ್ಟು ಮೊತ್ತದಲ್ಲಲ್ಲ, ಗೋಡೆಯ ದಪ್ಪದಲ್ಲಿ. ಎಡ ಹೃತ್ಕುಕ್ಷಿಯನ್ನು 17 ತುಂಡು ಮಾಡಿ ನೋಡುವುದು ರೂಢಿ. ಪ್ರತಿ ತುಂಡಿನಲ್ಲೂ ಕಲೆ ಒಳಮೈಯಿಂದ ಹೊರಮೈ ಕಡೆಗೆ ಎಷ್ಟು ದೂರ ಬಂದಿದೆ ಎಂದು ಬರೆಯುತ್ತೇವೆ. 2000ನೇ ಇಸವಿಯಲ್ಲಿ ರೇಮಂಡ್ ಕಿಮ್ ಮತ್ತು ಜೊತೆಗಾರರು 50 ರೋಗಿಗಳಲ್ಲಿ ರಕ್ತಸಂಚಾರ ಸರಿಪಡಿಸುವ ಮೊದಲು ಮತ್ತು ನಂತರ ಇದನ್ನೇ ನೋಡಿದರು. ಚಲನೆ ಕೆಟ್ಟಿದ್ದರೂ ಕಲೆಯೇ ಇಲ್ಲದ ತುಂಡುಗಳಲ್ಲಿ ಶೇ. 78ರಷ್ಟು ಚೇತರಿಸಿಕೊಂಡವು, ಗೋಡೆಯ ಮುಕ್ಕಾಲಿಗಿಂತ ಹೆಚ್ಚು ಕಲೆಯಾಗಿದ್ದ 58 ತುಂಡುಗಳಲ್ಲಿ ಚೇತರಿಸಿಕೊಂಡದ್ದು ಒಂದೇ ಒಂದು.

ಕೊನೆಗೌಡರ ಹೃದಯದಲ್ಲಿ ತುದಿ, ತುದಿಗೆ ಹತ್ತಿರದ ಮುಂಗೋಡೆ, ಅದರ ಪಕ್ಕದ ನಡುಗೋಡೆ (ಎಡ, ಬಲ ಕುಕ್ಷಿಗಳ ನಡುವಿನ ಗೋಡೆ), ಈ ಮೂರು ತುಂಡು ಆರಪಾರ ಬಿಳಿ. ಅವು ಹೋದವು. ಅದರ ಮೇಲಿನ ಹಂತದ ನಡುಗೋಡೆಯಲ್ಲಿ ಅರ್ಧಕ್ಕಿಂತ ಸ್ವಲ್ಪ ಹೆಚ್ಚು, ಮುಂಗೋಡೆಯಲ್ಲಿ ಅರ್ಧಕ್ಕಿಂತ ಕಡಿಮೆ. ಬುಡದ ಮುಂಗೋಡೆ ಕಪ್ಪು. ನೆಟ್ಟಗೆ ಬಡಿಯದಿದ್ದರೂ ಜೀವವಿದೆ. ಹಿಂಗೋಡೆ, ಪಕ್ಕದ ಗೋಡೆ ಚೊಕ್ಕ. “ಮುಂಗೋಡೆಯಲ್ಲಿ ಜೀವವಿರುವ ಸ್ನಾಯು ಉಳಿದಿಲ್ಲ” ಎಂಬ ಸಾಲು ತಪ್ಪು. ಎಲ್ಲವೂ ಉಳಿದಿದೆ ಎಂದರೆ ಅದೂ ತಪ್ಪು.

ಜೀವವಿದೆ ಎಂದಮೇಲೆ ಸ್ಟೆಂಟ್ ಹಾಕಿಬಿಡಿ ಎನ್ನುವುದು ಸಹಜ ಆಸೆ. ತಂಗಿಯ ಮಗ ಅದನ್ನೇ ಹಿಡಿದುಕೊಂಡ. ನಮ್ಮ ಹೃದ್ರೋಗ ತಜ್ಞರು ಒಪ್ಪಲಿಲ್ಲ, ನನಗೂ ಅವರದು ಸರಿಯೆನಿಸಿತು. ಪಂಪಿಂಗ್ ಶೇ. 35 ಅಥವಾ ಅದಕ್ಕಿಂತ ಕಡಿಮೆಯಿದ್ದು ಜೀವವಿರುವ ಸ್ನಾಯು ಇದ್ದ 700 ಜನರಲ್ಲಿ ಸುಮಾರು ಅರ್ಧ ಜನರಿಗೆ ಸ್ಟೆಂಟ್ ಹಾಕಿ ನೋಡಿದ ರಿವೈವ್ಡ್ ಅಧ್ಯಯನ 2022ರಲ್ಲಿ ಬಂತು; ಸಾವು, ಹೃದಯ ವೈಫಲ್ಯಗಳ ಲೆಕ್ಕದಲ್ಲಿ ಒಳ್ಳೆಯ ಮಾತ್ರೆಗಳಿಗಿಂತ ಹೆಚ್ಚಿನದೇನನ್ನೂ ಸ್ಟೆಂಟ್ ಕೊಡಲಿಲ್ಲ. ಇಪ್ಪತ್ತು ವರ್ಷ “ಜೀವವಿದ್ದರೆ ತೆರೆ” ಎಂದು ಪಾಠ ಹೇಳಿಕೊಂಡು ಬಂದ ನಮ್ಮಂಥವರಿಗೆ ಅದು ಕಹಿ ಗುಳಿಗೆಯೇ. ಎದೆನೋವು ಬಂದರೆ ಮತ್ತೆ ಯೋಚಿಸೋಣ ಎಂದಾಯಿತು. ಶಾಕ್ ಯಂತ್ರಕ್ಕೂ ಅವಸರವಿರಲಿಲ್ಲ: ಆಘಾತವಾಗಿ ಕನಿಷ್ಠ 40 ದಿನ ಕಳೆದು, ಮಾತ್ರೆಗಳು ಮೂರು ತಿಂಗಳು ಕೆಲಸ ಮಾಡಿದ ಮೇಲೂ ಪಂಪಿಂಗ್ ಶೇ. 35 ದಾಟದಿದ್ದರೆ ಆ ಮಾತು. ನಮ್ಮ ಸ್ಕ್ಯಾನಿನಲ್ಲಿ ಅದು ಶೇ. 34 ಇತ್ತು, ಹೃದಯ ತುಂಬಿದಾಗ 212 ಮಿಲಿಲೀಟರ್, ಹಿಂಡಿದಾಗ 140.

ಜುಲೈನಲ್ಲಿ ಮತ್ತೆ ಬಂದರು, ಕೊಡೆ ಹಿಡಿದು, ಮಳೆಯಲ್ಲಿ. ನಾಲ್ಕು ಬಗೆಯ ಹೃದಯದ ಮಾತ್ರೆಗಳನ್ನು ಬಿಡದೆ ತಿಂದಿದ್ದರು. ಕವಳಕ್ಕೆ (ಎಲೆಅಡಿಕೆಗೆ) ತಂಬಾಕು ಹಾಕುವುದನ್ನು ಬಿಟ್ಟಿದ್ದರು, ಕವಳವನ್ನಲ್ಲ. ಈ ಸಲ ಉಸಿರಿನ ಪಾಠ ಬೇಕಾಗಲಿಲ್ಲ, ತಾಯತವನ್ನೂ ತಾವೇ ಬಿಚ್ಚಿ ಹೆಂಡತಿಗೆ ಕೊಟ್ಟರು. ಹೆಪ್ಪು ಕರಗಿತ್ತು. ಪಂಪಿಂಗ್ ಶೇ. 41. ಕಲೆ, ಅದೇ ಐದು ಎಸ್‌ಡಿ ಲೆಕ್ಕದಲ್ಲಿ, ಶೇ. 20, ಸ್ನಾಯುವಿನ ಒಟ್ಟು ತೂಕ 121 ಗ್ರಾಂ, ಕಲೆ 24 ಗ್ರಾಂ.

31 ಇದ್ದದ್ದು 24 ಆಗಿದೆ ಎಂದೊಡನೆ ಹುಡುಗ “ವಾಸಿಯಾಗ್ತಾ ಬಂತು” ಎಂದ. ಇಲ್ಲ. ಸತ್ತ ಕೋಶ ಮರಳಿ ಹುಟ್ಟಿಲ್ಲ. ಬಾವು ಆರಿ, ನಾರು ಬಿಗಿದು ಕಲೆ ಕುಗ್ಗಿದೆ, ಹಸಿ ಅಡಿಕೆ ಒಣಗಿ ಚಾಲಿಯಾದ ಹಾಗೆ. ಕಾಯಿ ಅದೇ, ತೂಕ ಮಾತ್ರ ಇಳಿದಿದೆ. ಪಂಪಿಂಗ್ ಏರಿದ್ದು ಬುಡದ ಮತ್ತು ನಡುವಿನ ಮುಂಗೋಡೆ ಎಚ್ಚೆತ್ತಿದ್ದರಿಂದ. ಫೆಬ್ರವರಿಯಲ್ಲಿ ಪೂರ್ತಿ ಕಪ್ಪಾಗಿ ಅಥವಾ ಅರ್ಧಕ್ಕಿಂತ ಹೆಚ್ಚು ಕಪ್ಪಾಗಿ ಕಂಡ ತುಂಡುಗಳೇ ಅವು. ಆರಪಾರ ಬಿಳಿಯಿದ್ದ ಮೂರು ತುಂಡು ಈಗಲೂ ಅಲ್ಲಾಡುವುದಿಲ್ಲ.

ಶಾಕ್ ಯಂತ್ರದ ಮಾತು ಅಲ್ಲಿಗೆ ನಿಂತಿತು. 24 ಗಂಟೆ ಎದೆಬಡಿತ ದಾಖಲಿಸುವ ಹೋಲ್ಟರ್‌ನಲ್ಲೂ ಭಯಪಡುವಂಥದ್ದು ಇರಲಿಲ್ಲ. ಆದರೆ ಉಳಿದ 24 ಗ್ರಾಂನ ಅಂಚಿನಲ್ಲಿ ಸತ್ತ ನಾರಿನ ನಡುವೆ ಬದುಕಿರುವ ಎಳೆಗಳು ಹೆಣೆದುಕೊಂಡಿರುತ್ತವೆ. ಎದೆಬಡಿತ ಹಳಿ ತಪ್ಪುವುದು ಅಂಥಲ್ಲೇ. ನೆಲದ ಮೇಲಿದ್ದವರಿಗೆ ಹತ್ತು ಸೆಕೆಂಡ್ ಕಣ್ಣು ಕತ್ತಲೆ ಬಂದರೆ ಕೂತುಕೊಳ್ಳಬಹುದು. ಐವತ್ತು ಅಡಿ ಮೇಲೆ, ಬಾಗಿದ ಮರದ ತುದಿಯಲ್ಲಿ? ಮರ ಹತ್ತಬೇಡಿ ಎಂದು ತಜ್ಞರು ಬರೆದುಕೊಟ್ಟರು. ಮಾರ್ಗಸೂಚಿಗಳಲ್ಲಿ ಶೇ. 35ರ ಗೆರೆ ಸಿಗುತ್ತದೆ, ಕೊನೆಗೌಡನ ಕಸುಬು ಎಲ್ಲೂ ಸಿಗುವುದಿಲ್ಲ. ಆ ಸಾಲನ್ನು ನಾವೇ ಬರೆಯಬೇಕಾಯಿತು.

ನವೆಂಬರಿನಲ್ಲಿ, ಕೊಯ್ಲು ಶುರುವಾಗುವ ಹೊತ್ತಿಗೆ, ಮಾತ್ರೆ ಬದಲಿಸಿಕೊಳ್ಳಲು ಬಂದವರು ನನ್ನ ಕೋಣೆಗೂ ಬಂದರು. ಮರ ಹತ್ತುವುದು ಈಗ ತಂಗಿಯ ಮಗ. ಇವರು ಕೆಳಗೆ ನಿಂತು ಕೊನೆ ಇಳಿಯುವ ಹಗ್ಗ ಹಿಡಿಯುತ್ತಾರೆ, ಬೈಯುತ್ತಾರೆ. ಮೈ ಸ್ವಲ್ಪ ತುಂಬಿಕೊಂಡಿದೆ, ಮುಖದಲ್ಲಿ ಕಳೆ ಬಂದಿದೆ. ಈಗ ಅದೇ ತೊಂದರೆಯಂತೆ.

“ಆ ಬಿಳಿ ಫೋಟೋ ಒಂದು ಕೊಡಿ ಡಾಕ್ಟ್ರೇ. ಹೆಗಡೇರಿಗೆ ತೋರಿಸ್ಬೇಕು. ಗಟ್ಟಿ ಇದ್ದೂ ಮರ ಹತ್ತೂದಿಲ್ಲ, ಸೋಮಾರಿ ಬಿದ್ದ ಅಂತ ಹೇಳ್ತಾ ಇದ್ದಾರೆ.”

ಜುಲೈ ತಿಂಗಳ ಚಿತ್ರ ತೆರೆದೆ. ಅವರು ಬಗ್ಗಿ ನೋಡಿ ತಲೆಯಾಡಿಸಿದರು.

“ಇದು ಬೇಡ. ಮೊದಲಿಂದು ಕೊಡಿ. ಅದ್ರಲ್ಲಿ ಬಿಳಿ ಜಾಸ್ತಿ ಕಾಣ್ತದೆ.”

ಎರಡನ್ನೂ ಪ್ರಿಂಟ್ ಹಾಕಿಸಿ, ತಾರೀಖು ಬರೆದು ಕೊಟ್ಟೆ.